ಕಾರು ಕಾರ್ಖಾನೆ ದೇಶ ಬಿಟ್ಟು ಹೋದಾಗ ಯೂನಿಯನ್ ಎಲ್ಲಿರುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಪೀಣ್ಯದಲ್ಲಿ ಕಾರಿನ ಬಿಡಿಭಾಗ ಮಾಡುವ ಒಂದು ಕಾರ್ಖಾನೆಯ ಪ್ರೆಸ್ ಶಾಪಿನಲ್ಲಿ, ಅಂದರೆ ತಗಡನ್ನು ಒತ್ತಿ ಭಾಗ ಮಾಡುವ ವಿಭಾಗದಲ್ಲಿ, ನಾನು 19 ವರ್ಷ ಕೆಲಸ ಮಾಡಿದೆ. ಅದರಲ್ಲಿ ಏಳು ವರ್ಷ ಯೂನಿಯನ್ ಕಮಿಟಿಯಲ್ಲೂ ಇದ್ದೆ. ಈಗ ಭಾನುವಾರ ಬೆಳಿಗ್ಗೆ ಐಟಿಐ ಮುಗಿಸಿದ ಹುಡುಗ ಹುಡುಗಿಯರಿಗೆ ಕಾರ್ಮಿಕ ಕಾನೂನು ಹೇಳಿಕೊಡುತ್ತೇನೆ. ಅಲ್ಲಿ, ಟೀ ಅಂಗಡಿಯಲ್ಲಿ, ಪತ್ರಗಳಲ್ಲಿ, ನೆಂಟರ ಮನೆ ಮದುವೆಗಳಲ್ಲಿ ಜನ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳು ಇವು. ಅವರು ಕೇಳಿದ ಮಾತಿನಲ್ಲೇ ಇಟ್ಟಿದ್ದೇನೆ. ನಾನು ಯೂನಿಯನ್ ಕಡೆಯವನು, ಅದನ್ನು ಮುಚ್ಚಿಡುವುದಿಲ್ಲ. ಹಾಗಂತ ಯೂನಿಯನ್ ಮಾಡಿದ್ದೆಲ್ಲ ಸರಿ ಅನ್ನುವವನೂ ಅಲ್ಲ.

## ಮೊದಲು ತಿಳಿಯಬೇಕಾದ್ದು

ಕೆಲಸ ಹೊರದೇಶಕ್ಕೆ ಹೋಗುತ್ತೆ ಅಂದ್ರೇನು? ಕಾರ್ಖಾನೆನೇ ಕಿತ್ಕೊಂಡು ಹೋಗ್ತಾರಾ?

ಕೆಲವು ಸಲ ಹೌದು. ಇಂಗ್ಲೆಂಡಿನ ಲಾಂಗ್‌ಬ್ರಿಜ್‌ನಲ್ಲಿ ಎಂಜಿ ರೋವರ್ ಕಂಪನಿ 2005ರ ಏಪ್ರಿಲ್‌ನಲ್ಲಿ ಮುಳುಗಿತು. ಸುಮಾರು 6,000 ಜನ ಮನೆಗೆ ಹೋದರು. ಚೀನಾದ ನಾನ್‌ಜಿಂಗ್‌ನ ಕಂಪನಿಯೊಂದು ಅದನ್ನು ಕೊಂಡು, ಯಂತ್ರಗಳನ್ನು ಬಿಚ್ಚಿ ಹಡಗಿಗೆ ಹಾಕಿ ಊರಿಗೆ ಒಯ್ದಿತು. ಇವತ್ತು ನಮ್ಮ ರಿಂಗ್ ರೋಡಿನಲ್ಲಿ ಓಡುವ ಎಂಜಿ ಕಾರಿನ ಮೇಲಿರುವುದು ಅದೇ ಹೆಸರು. ಆ ಕಾರು ತಯಾರಾಗುವುದು ಗುಜರಾತಿನ ಹಾಲೋಲ್‌ನಲ್ಲಿ, ಜನರಲ್ ಮೋಟಾರ್ಸ್ ಬಿಟ್ಟುಹೋದ ಕಾರ್ಖಾನೆಯಲ್ಲಿ.

ಆದರೆ ಹೀಗೆ ಕಣ್ಣಿಗೆ ಕಾಣುವಂತೆ ಹೋಗುವುದು ಅಪರೂಪ. ಸಾಮಾನ್ಯವಾಗಿ ನಡೆಯುವುದು ಬೇರೆ. ಈಗಿನ ಮಾಡೆಲ್ ಇಲ್ಲೇ ತಯಾರಾಗುತ್ತಿರುತ್ತದೆ. ಅದರ ಮುಂದಿನ ಮಾಡೆಲ್ ಬೇರೆ ದೇಶದ ಪಾಲಾಗುತ್ತದೆ. ಲೈನಿನಲ್ಲಿ, ಅಂದರೆ ಕಾರು ಒಂದೊಂದೇ ಹಂತ ದಾಟುತ್ತಾ ತಯಾರಾಗುವ ಸಾಲಿನಲ್ಲಿ, ನಿಂತವನಿಗೆ ಇವತ್ತು ಏನೂ ಬದಲಾದಂತೆ ಕಾಣುವುದಿಲ್ಲ, ಓವರ್‌ಟೈಮ್ ಕೂಡ ಸಿಗುತ್ತಿರಬಹುದು. ಮೂರು ನಾಲ್ಕು ವರ್ಷ ಆದಮೇಲೆ ಹಳೇ ಮಾಡೆಲ್ ನಿಂತಾಗ ಮಾಡಲು ಏನೂ ಉಳಿದಿರುವುದಿಲ್ಲ. ಅಷ್ಟು ಹೊತ್ತಿಗೆ ಮುಷ್ಕರ ಹೂಡಿದರೂ ಪ್ರಯೋಜನವಿಲ್ಲ. ಬೇಡದ ಲೈನನ್ನು ನಿಲ್ಲಿಸಿದರೆ ಯಾರಿಗೆ ನಷ್ಟ?

ಎಲ್ಲ ಬಿಟ್ಟು ಕಾರು ಕಾರ್ಖಾನೆಯಲ್ಲೇ ಯೂನಿಯನ್ ಯಾಕೆ ಅಷ್ಟು ಗಟ್ಟಿ?

ಲೈನ್ ಇರುವುದರಿಂದ. ಒಂದು ಕಡೆ ನಿಂತರೆ ಎಲ್ಲ ಕಡೆ ನಿಲ್ಲುತ್ತದೆ. ಅಮೆರಿಕದ ಮಿಷಿಗನ್ ರಾಜ್ಯದ ಫ್ಲಿಂಟ್ ಎಂಬ ಊರಿನಲ್ಲಿ 1936ರ ಡಿಸೆಂಬರ್ 30ರಂದು ಜನರಲ್ ಮೋಟಾರ್ಸ್ ಕೆಲಸಗಾರರು ಗೇಟಿನ ಹೊರಗೆ ಬಾವುಟ ಹಿಡಿಯಲಿಲ್ಲ. ಕಾರ್ಖಾನೆಯ ಒಳಗೇ ಕೂತುಬಿಟ್ಟರು. ಹೊರಗಿನಿಂದ ಬೇರೆಯವರನ್ನು ತಂದು ಲೈನ್ ಓಡಿಸಲು ಕಂಪನಿಗೆ ಆಗಲಿಲ್ಲ. 44 ದಿನ ಚಳಿಗಾಲದಲ್ಲಿ ಹಾಗೇ ಕೂತರು. ಹೆಂಗಸರು ಹೊರಗಿನಿಂದ ಊಟ ತಲುಪಿಸಿದರು. 1937ರ ಫೆಬ್ರುವರಿ 11ಕ್ಕೆ ಕಂಪನಿ ಯೂನಿಯನ್ನನ್ನು ಒಪ್ಪಿಕೊಂಡಿತು.

ಅಲ್ಲಿಂದ ಹುಟ್ಟಿದ್ದೇ ಯುಎಡಬ್ಲ್ಯು, ಅಂದರೆ ಅಮೆರಿಕದ ಕಾರು ಕೆಲಸಗಾರರ ದೊಡ್ಡ ಯೂನಿಯನ್‌ನ ಬಲ. 1950ರ ಒಪ್ಪಂದದಲ್ಲಿ ಪಿಂಚಣಿ, ಆಸ್ಪತ್ರೆ ಖರ್ಚು, ಬೆಲೆ ಏರಿದಂತೆ ಏರುವ ಸಂಬಳ ಎಲ್ಲ ಸಿಕ್ಕಿತು. ಹೈಸ್ಕೂಲು ಮುಗಿಸಿದ ಹುಡುಗ ಕಾರ್ಖಾನೆ ಸೇರಿ ಮನೆ ಕಟ್ಟಿ, ಮಕ್ಕಳನ್ನು ಕಾಲೇಜಿಗೆ ಕಳಿಸುವ ಕಾಲ ಅದು. ನಮ್ಮಲ್ಲಿ ಎಚ್‌ಎಎಲ್, ಎಚ್‌ಎಂಟಿ, ಬಿಇಎಲ್, ಮೈಕೋ ಸೇರಿದವರ ಮನೆಗಳಲ್ಲಿ ಆದದ್ದೂ ಹೆಚ್ಚು ಕಡಿಮೆ ಇದೇ ಅಲ್ವಾ?

ಬೆಂಗಳೂರಲ್ಲಿ ಕೂತು ಡೆಟ್ರಾಯ್ಟ್ ಚಿಂತೆ ನಮಗ್ಯಾಕೆ ಸಾರ್?

ಡೆಟ್ರಾಯ್ಟ್ ಅಂದರೆ ಅಮೆರಿಕದ ಕಾರು ಕಂಪನಿಗಳ ಊರು. ಒಂದು ಕಾಲದಲ್ಲಿ ಅಮೆರಿಕದಲ್ಲಿ ಕೆಲಸ ಕಳೆದುಕೊಂಡವರು 'ಬ್ಯಾಂಗಲೋರ್ಡ್' ಆದೆ ಅನ್ನುತ್ತಿದ್ದರು. ನಮ್ಮ ಊರಿನ ಹೆಸರನ್ನೇ ಅವರು ಕ್ರಿಯಾಪದ ಮಾಡಿಬಿಟ್ಟಿದ್ದರು. ನಿಮ್ಮ ಕೆಲಸ ಬೆಂಗಳೂರಿಗೆ ಹೋಯಿತು ಅಂತ ಅರ್ಥ. ಅಂದರೆ ಇಲ್ಲಿಗೆ ಬಂದದ್ದು ಎಲ್ಲಿಂದಲೋ ಹೋದದ್ದು.

ಬಂದದ್ದು ಮತ್ತೆ ಹೋಗಬಹುದು. ನಾನು ಪ್ರೆಸ್ ಶಾಪಿನಲ್ಲಿದ್ದಾಗ ನಾವು ಮಾಡುತ್ತಿದ್ದ ಒಂದು ಬ್ರ್ಯಾಕೆಟ್‌ನ (ಬೇರೆ ಭಾಗಗಳನ್ನು ಹಿಡಿದಿಡುವ ಲೋಹದ ತುಂಡು) ಆರ್ಡರ್ ಮೊದಲು ಯುರೋಪಿನ ಒಂದು ಊರಿನದು. ಅಲ್ಲಿ ನಿಂತಿತು, ನಮಗೆ ಬಂತು. ನಾವು ಸಿಹಿ ಹಂಚಿದೆವು. ಒಂಬತ್ತು ವರ್ಷ ಆದಮೇಲೆ ಅದು ಥಾಯ್ಲೆಂಡ್‌ಗೆ ಹೋಯಿತು. ಯುರೋಪಿನ ಆ ಊರಿನವರ ನೆನಪು ನನಗೆ ಬಂದದ್ದು ಆ ದಿನ, ಅದಕ್ಕೆ ಮುಂಚೆ ಒಂದು ದಿನವೂ ಬಂದಿರಲಿಲ್ಲ. ಆಮೇಲೆ ಈ ವಿಷಯ ಓದಲು ಶುರುಮಾಡಿದೆ.

## ಯಾರ ತಪ್ಪು ಅಂತ ಕೇಳುವವರಿಗೆ

ಯೂನಿಯನ್‌ನವರು ಜಾಸ್ತಿ ಸಂಬಳ ಕೇಳಿದ್ದಕ್ಕೇ ತಾನೇ ಕಂಪನಿಗಳು ಓಡಿಹೋಗಿದ್ದು?

ನನಗೆ ಅತಿ ಹೆಚ್ಚು ಸಲ ಬಂದಿರುವ ಪ್ರಶ್ನೆ ಇದು. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಸಂಬಳದ ವ್ಯತ್ಯಾಸ ನಿಜ. ಮೆಕ್ಸಿಕೋದ ಕೆಲಸಗಾರನಿಗೆ ದಿನಕ್ಕೆ ಸಿಗುವ ಹಣ, ಅದೇ ಕಂಪನಿಯ ಅಮೆರಿಕದ ಕೆಲಸಗಾರನಿಗೆ ಒಂದು ಗಂಟೆಗೋ ಅದಕ್ಕಿಂತ ಕಡಿಮೆ ಹೊತ್ತಿಗೋ ಸಿಗುವ ಕಾಲ ಇತ್ತು. 1994ರಲ್ಲಿ ನಾಫ್ಟಾ ಒಪ್ಪಂದ ಬಂದು, ಅಮೆರಿಕ, ಕೆನಡಾ, ಮೆಕ್ಸಿಕೋ ಮೂರರ ನಡುವೆ ಕಾರು ಮತ್ತು ಬಿಡಿಭಾಗಗಳ ತೆರಿಗೆ ಹಂತಹಂತವಾಗಿ ಇಲ್ಲವಾಯಿತು. ಮೊದಲು ವೈರಿಂಗ್, ಸೀಟಿನ ಹೊಲಿಗೆಯಂಥ ಕೈಕೆಲಸ ಜಾಸ್ತಿ ಇರುವ ಭಾಗಗಳು ಹೋದವು. ಇಡೀ ಕಾರುಗಳು ಆಮೇಲೆ ಹೋದವು.

ಆದರೆ ಸಂಬಳ ಒಂದೇ ಕಾರಣವಾಗಿದ್ದರೆ ಜರ್ಮನಿಯ ಬಿಎಂಡಬ್ಲ್ಯು ಮತ್ತು ಮರ್ಸಿಡಿಸ್, ಜಪಾನಿನ ಹೋಂಡಾ, ನಿಸಾನ್, ಟೊಯೋಟಾ ಅಮೆರಿಕದಲ್ಲೇ ಕಾರ್ಖಾನೆ ಯಾಕೆ ಕಟ್ಟಿದವು? ಹೋಂಡಾ 1982ರಲ್ಲಿ ಓಹಾಯೋದಲ್ಲಿ ಕಾರು ಶುರುಮಾಡಿತು, ನಿಸಾನ್ 1983ರಲ್ಲಿ ಟೆನೆಸಿಯಲ್ಲಿ ಸಣ್ಣ ಟ್ರಕ್ಕು ಶುರುಮಾಡಿತು. ಬಿಎಂಡಬ್ಲ್ಯು 1994ರಲ್ಲಿ ದಕ್ಷಿಣ ಕೆರೊಲಿನಾಕ್ಕೆ, ಮರ್ಸಿಡಿಸ್ 1997ರಲ್ಲಿ ಅಲಬಾಮಾಕ್ಕೆ ಬಂದವು. ಒಬ್ಬರಿಗೆ 'ಓಡಿಹೋಗಬೇಕಾದ' ದೇಶ ಇನ್ನೊಬ್ಬರಿಗೆ 'ಬಂದು ನೆಲೆಸಬೇಕಾದ' ದೇಶ ಆಯಿತು! ಇವರಲ್ಲಿ ಬಹಳ ಜನ ಆರಿಸಿಕೊಂಡದ್ದು ದಕ್ಷಿಣದ ರಾಜ್ಯಗಳನ್ನು. ಯೂನಿಯನ್ ಚಂದಾ ಕಡ್ಡಾಯ ಮಾಡುವುದನ್ನು ರಾಜ್ಯಗಳು ತಡೆಯಬಹುದು ಎಂದ 1947ರ ಟಾಫ್ಟ್-ಹಾರ್ಟ್ಲಿ ಕಾನೂನು ಬಂದಮೇಲೆ ಅಲ್ಲಿ ಯೂನಿಯನ್ ಕಟ್ಟುವುದು ಬಲು ಕಷ್ಟವಾಗಿತ್ತು. ಮೇಲೆ ಜಮೀನು, ರಸ್ತೆ, ತೆರಿಗೆ ರಿಯಾಯ್ತಿ ಎಲ್ಲ ಸರ್ಕಾರವೇ ಕೊಟ್ಟಿತು.

ಆಸ್ಪತ್ರೆ ಖರ್ಚಿನ ಲೆಕ್ಕವೂ ಇದೆ. ಅಮೆರಿಕದಲ್ಲಿ ಎಲ್ಲರಿಗೂ ಸರ್ಕಾರಿ ಆರೋಗ್ಯ ವಿಮೆ ಇಲ್ಲ. ಅದನ್ನು ಕಂಪನಿಯೇ ಹೊರಬೇಕು, ನಿವೃತ್ತರದೂ ಸೇರಿ. ಒಂದೊಂದು ಕಾರಿನ ಮೇಲೆ ಸುಮಾರು 1,500 ಡಾಲರ್ ಆರೋಗ್ಯದ ಖರ್ಚೇ ಬೀಳುತ್ತದೆ ಎಂದು 2005ರ ಹೊತ್ತಿಗೆ ಜನರಲ್ ಮೋಟಾರ್ಸ್ ಹೇಳುತ್ತಿತ್ತು. ಪಕ್ಕದ ಕೆನಡಾದಲ್ಲಿ ಆ ಖರ್ಚಿನ ದೊಡ್ಡ ಪಾಲು ಸರ್ಕಾರದ್ದು. ದೇಶ ಮಾಡಬೇಕಾದ ಕೆಲಸವನ್ನು ಯೂನಿಯನ್ ಒಪ್ಪಂದದಲ್ಲಿ ಬರೆಸಿಕೊಂಡಿತು. ಆಮೇಲೆ ಅದೇ ಅದರ ತಪ್ಪು ಅನ್ನಿಸಿಕೊಂಡಿತು.

ಕೊನೆಗೆ ಫ್ರೀಮಾಂಟ್ ಕಥೆ. ಕ್ಯಾಲಿಫೋರ್ನಿಯಾದ ಈ ಕಾರ್ಖಾನೆಯನ್ನು ಜನರಲ್ ಮೋಟಾರ್ಸ್ 1982ರಲ್ಲಿ ಮುಚ್ಚಿತು. ಗೈರುಹಾಜರಿ, ಜಗಳ, ಕೆಟ್ಟ ಗುಣಮಟ್ಟ, ಎಲ್ಲದಕ್ಕೂ ಅದು ಹೆಸರುವಾಸಿ. 1984ರಲ್ಲಿ ಟೊಯೋಟಾ ಜೊತೆ ಸೇರಿ ಅದನ್ನೇ ಮತ್ತೆ ತೆರೆದರು. ಹಳೇ ಕೆಲಸಗಾರರೇ ಬಹುಪಾಲು, ಯೂನಿಯನ್ನೂ ಅದೇ. ಬದಲಾದದ್ದು ಒಂದೇ, ಆಡಳಿತ ನಡೆಸುವ ರೀತಿ. ತಪ್ಪು ಕಂಡರೆ ಹಗ್ಗ ಎಳೆದು ಲೈನ್ ನಿಲ್ಲಿಸುವ ಅಧಿಕಾರ ಕೆಲಸಗಾರನ ಕೈಗೆ ಬಂತು. ಆ ಕಾರುಗಳ ಗುಣಮಟ್ಟ ಬೇಗನೇ ಜಪಾನಿನದಕ್ಕೆ ಹತ್ತಿರ ಬಂತು. ಕೆಲಸಗಾರನೇ ಕಾರಣ ಅನ್ನುವವರಿಗೆ ನಾನು ಫ್ರೀಮಾಂಟ್ ಹೆಸರು ಹೇಳಿ ಸುಮ್ಮನಾಗುತ್ತೇನೆ.

ಹಾಗಾದ್ರೆ ಯೂನಿಯನ್ನಿಂದ ತಪ್ಪೇ ಆಗಿಲ್ವಾ?

ಆಗಿದೆ. ಮೂರನ್ನು ಹೇಳುತ್ತೇನೆ.

ಯುಎಡಬ್ಲ್ಯುನವರು 1984ರ ಒಪ್ಪಂದದಲ್ಲಿ 'ಜಾಬ್ಸ್ ಬ್ಯಾಂಕ್' ಅಂತ ತಂದರು. ಕೆಲಸ ಇಲ್ಲದಿದ್ದರೂ ಹೆಚ್ಚು ಕಡಿಮೆ ಪೂರ್ತಿ ಸಂಬಳ. ಕಾರ್ಖಾನೆ ಮುಚ್ಚುವುದು ಕಂಪನಿಗೆ ದುಬಾರಿಯಾಗಲಿ ಎಂಬ ಯೋಚನೆ ಇರಬಹುದು, ಆದರೆ ಜನರ ಮನಸ್ಸಿನಲ್ಲಿ ಯೂನಿಯನ್ ಹೆಸರು ಕೆಟ್ಟಿತು. 2009ರಲ್ಲಿ ಅದು ನಿಂತೂ ಹೋಯಿತು.

ಎರಡನೆಯದು ಇನ್ನೂ ನೋವಿನದು. 2007ರಲ್ಲಿ ಹೊಸಬರಿಗೆ ಒಂದು ಸಂಬಳ, ಹಳಬರಿಗೆ ಇನ್ನೊಂದು ಎಂದು ಒಪ್ಪಿಕೊಂಡರು. ಒಂದೇ ಲೈನು, ಒಂದೇ ಸ್ಪ್ಯಾನರು, ಅರ್ಧದಷ್ಟು ಕೂಲಿ. ತಮ್ಮನ್ನು ಮಾರಿದ ಸಂಘ ಎಂದು ಹೊಸಬರಿಗೆ ಅನ್ನಿಸಿದರೆ ಅದನ್ನು ತಪ್ಪು ಎನ್ನಲು ನನಗೆ ಬಾಯಿ ಬರುವುದಿಲ್ಲ.

ಮೂರನೆಯದು ಕಳ್ಳತನ. ಯುಎಡಬ್ಲ್ಯುನ ಇಬ್ಬರು ಮಾಜಿ ಅಧ್ಯಕ್ಷರು ಸದಸ್ಯರ ಹಣ ದುರುಪಯೋಗದ ಕೇಸಿನಲ್ಲಿ ಜೈಲಿಗೆ ಹೋದರು. ಆ ಗಾಯದಿಂದಲೇ ಒಂದು ಒಳ್ಳೆಯದೂ ಆಯಿತು. ಸದಸ್ಯರೇ ನೇರವಾಗಿ ಅಧ್ಯಕ್ಷನನ್ನು ಆರಿಸುವ ಪದ್ಧತಿ ಬಂತು. 2023ರಲ್ಲಿ ಶಾನ್ ಫೇನ್ ಗೆದ್ದರು. ಅದೇ ವರ್ಷ ಸೆಪ್ಟೆಂಬರ್ 15ಕ್ಕೆ ಫೋರ್ಡ್, ಜನರಲ್ ಮೋಟಾರ್ಸ್, ಸ್ಟೆಲ್ಲಾಂಟಿಸ್ ಮೂರರ ಮೇಲೂ ಒಟ್ಟಿಗೆ ಮುಷ್ಕರ. ಮೂರರ ಮೇಲೆ ಒಂದೇ ಸಲ ಹೂಡಿದ್ದು ಅದೇ ಮೊದಲು. ಆರು ವಾರ ಆಗುವಷ್ಟರಲ್ಲಿ 25 ಪರ್ಸೆಂಟ್ ಏರಿಕೆ, ಆ ಎರಡು ದರ್ಜೆಯ ಅಂತರ ಬಹಳ ಮಟ್ಟಿಗೆ ಕಡಿಮೆ, ಮುಚ್ಚಿದ್ದ ಬೆಲ್ವಿಡಿಯರ್ ಕಾರ್ಖಾನೆಯನ್ನು ಮತ್ತೆ ತೆರೆಯುವ ಮಾತು ಎಲ್ಲ ಸಿಕ್ಕವು. ಕಾರ್ಖಾನೆ ತೆರೆಸುವುದನ್ನೂ ಮುಷ್ಕರದ ಬೇಡಿಕೆ ಮಾಡಬಹುದು ಎಂದು ನನಗೆ ಗೊತ್ತಾದದ್ದು ಆಗಲೇ.

ಕೆಲಸ ಹೋಗಿದ್ದು ಮೆಕ್ಸಿಕೋಗಾ, ರೋಬಾಟ್‌ಗಾ?

ಎರಡಕ್ಕೂ. ವೆಲ್ಡಿಂಗ್, ಪೇಂಟಿಂಗ್ ರೋಬಾಟ್‌ಗೆ ಹೋಯಿತು. ವೈರಿಂಗ್‌ನಂಥದ್ದು ಕಡಿಮೆ ಕೂಲಿಯ ಕಡೆಗೆ ಹೋಯಿತು. 2000ದ ಹೊತ್ತಿಗೆ ಅಮೆರಿಕದಲ್ಲಿ ಕಾರು ಮತ್ತು ಬಿಡಿಭಾಗ ಕಾರ್ಖಾನೆಗಳಲ್ಲಿ ಸುಮಾರು 13 ಲಕ್ಷ ಜನರಿದ್ದರು. 2009ರ ಮಧ್ಯದಲ್ಲಿ 6 ಲಕ್ಷ ಚಿಲ್ಲರೆ. ಆಮೇಲೆ ಮತ್ತೆ ಏರಿತು. ಆದರೆ ಯುಎಡಬ್ಲ್ಯು ಸದಸ್ಯರು 1979ರಲ್ಲಿ 15 ಲಕ್ಷ ಇದ್ದವರು ಈಗ 4 ಲಕ್ಷದ ಒಳಗಿದ್ದಾರೆ. ಕೆಲಸಕ್ಕಿಂತ ಯೂನಿಯನ್ ಜಾಸ್ತಿ ಕರಗಿತು. ಬಂದ ಹೊಸ ಕೆಲಸ ಯೂನಿಯನ್ ಇಲ್ಲದ ಕಡೆ ಬಂತು ಅಂತ ಅರ್ಥ.

ಆಮದು ತೆರಿಗೆ ಜಾಸ್ತಿ ಹಾಕಿದ್ರೆ ಮುಗೀತಲ್ಲ?

ಅರ್ಧ ಮುಗಿಯುತ್ತದೆ. ಆಸ್ಟ್ರೇಲಿಯಾ ನೋಡಿ. ಎಂಬತ್ತರ ದಶಕದಲ್ಲಿ ಅಲ್ಲಿ ಕಾರಿನ ಮೇಲೆ 57.5 ಪರ್ಸೆಂಟ್ ಆಮದು ತೆರಿಗೆ ಇತ್ತು. ಇಳಿಸುತ್ತಾ ಇಳಿಸುತ್ತಾ 2010ಕ್ಕೆ 5 ಪರ್ಸೆಂಟ್ ಮಾಡಿದರು. ಅವರ ಡಾಲರ್ ಏರಿತು, ಥಾಯ್ಲೆಂಡ್‌ನಿಂದ ಕಾರು ಬರತೊಡಗಿತು, ಸರ್ಕಾರದ ಸಹಾಯವೂ ನಿಂತಿತು. ಫೋರ್ಡ್ 2016ರ ಅಕ್ಟೋಬರ್‌ನಲ್ಲಿ, ಟೊಯೋಟಾ ಮತ್ತು ಹೋಲ್ಡನ್ 2017ರ ಅಕ್ಟೋಬರ್‌ನಲ್ಲಿ ಬಾಗಿಲು ಹಾಕಿದವು. ಕಾರು ಮಾಡುತ್ತಿದ್ದ ದೇಶದಲ್ಲಿ ಈಗ ಕಾರು ಮಾಡುವ ದೊಡ್ಡ ಕಾರ್ಖಾನೆಯೇ ಇಲ್ಲ.

ಅದಕ್ಕೆ ತೆರಿಗೆ ಕೆಲಸಕ್ಕೆ ಬಾರದ್ದು ಎಂದು ನಾನು ಹೇಳಲಾರೆ. ನಮ್ಮ ಬಿಡದಿ, ಚೆನ್ನೈ, ಪುಣೆಯ ಕಾರ್ಖಾನೆಗಳು ಬಂದದ್ದೇ ಭಾರತದ ಆಮದು ತೆರಿಗೆ ಜಾಸ್ತಿ ಇದ್ದದ್ದರಿಂದ. ಆದರೆ ಇನ್ನೊಂದು ಅರ್ಧ ಕೇಳಿ. 1981ರಲ್ಲಿ ಅಮೆರಿಕದ ಒತ್ತಡಕ್ಕೆ ಜಪಾನ್ ತನ್ನ ಕಾರು ರಫ್ತನ್ನು ವರ್ಷಕ್ಕೆ 16.8 ಲಕ್ಷಕ್ಕೆ ಮಿತಿಗೊಳಿಸಿತು. ಆಗ ಜಪಾನಿನವರು ಅಮೆರಿಕದೊಳಗೇ ಕಟ್ಟಿದರು. ಬೇಲಿ ಕಾರ್ಖಾನೆಯನ್ನು ಒಳಗೆ ತರಬಲ್ಲದು. ಅದರೊಳಗೆ ಎಂಥ ಕೂಲಿ, ಎಂಥ ಕೆಲಸ ಅನ್ನುವುದನ್ನು ಬೇಲಿ ನೋಡಿಕೊಳ್ಳುವುದಿಲ್ಲ.

## ನಮ್ಮ ಸುತ್ತಮುತ್ತಲ ಲೆಕ್ಕ

ಫೋರ್ಡ್ ಚೆನ್ನೈ ಬಿಟ್ಟು ಹೋಯ್ತಲ್ಲ, ಅಲ್ಲಿ ಯೂನಿಯನ್ ಗಲಾಟೆ ಇತ್ತಾ?

ಇಲ್ಲ. 2021ರ ಸೆಪ್ಟೆಂಬರ್ 9ರಂದು ಫೋರ್ಡ್ ಕೊಟ್ಟ ಕಾರಣ ನಷ್ಟ. ಹತ್ತು ವರ್ಷದಲ್ಲಿ 200 ಕೋಟಿ ಡಾಲರಿಗೂ ಜಾಸ್ತಿ. ಚೆನ್ನೈ ಹತ್ತಿರದ ಮರೈಮಲೈ ನಗರ ಮತ್ತು ಗುಜರಾತಿನ ಸಾನಂದ್ ಸೇರಿ ವರ್ಷಕ್ಕೆ 4 ಲಕ್ಷಕ್ಕೂ ಹೆಚ್ಚು ಕಾರು ಮಾಡುವ ಸಾಮರ್ಥ್ಯ ಕಟ್ಟಿದ್ದರು. ಅಷ್ಟು ಕಾರು ಇಲ್ಲಿ ಮಾರಾಟವಾಗಲಿಲ್ಲ. ಮಾರುಕಟ್ಟೆ ಅಂದಾಜು ತಪ್ಪಿದ್ದು ಮೇಲೆ ಕೂತವರದು, ಕೆಲಸ ಹೋದದ್ದು ಸುಮಾರು 4,000 ಜನರದು.

ಯೂನಿಯನ್ ಅಲ್ಲಿ ಕಾರ್ಖಾನೆ ಉಳಿಸಲಿಲ್ಲ, ಉಳಿಸಲು ಆಗುವಂತೆಯೂ ಇರಲಿಲ್ಲ. ಆದರೆ ಪರಿಹಾರದ ಮಾತುಕತೆ ತಿಂಗಳುಗಟ್ಟಲೆ ನಡೆಸಿತು. 2022ರಲ್ಲಿ ಕೊನೆಯ ಕಾರುಗಳ ಕೆಲಸ ಬಾಕಿ ಇದ್ದಾಗಲೇ ಕೆಲಸ ನಿಲ್ಲಿಸಿ ಕೂತರು. ರಫ್ತಿನ ಆರ್ಡರ್ ಮುಗಿಸುವ ಅವಸರ ಕಂಪನಿಗಿತ್ತು. ಕಾನೂನು ಹೇಳುವುದು ದುಡಿದ ಒಂದೊಂದು ವರ್ಷಕ್ಕೆ 15 ದಿನದ ಸಂಬಳ. ಅವರಿಗೆ ಸಿಕ್ಕಿದ್ದು ಅದರ ಹಲವು ಪಟ್ಟು. ಕಂಪನಿಗೆ ನಮ್ಮ ಅಗತ್ಯ ಇನ್ನೂ ಇರುವಾಗಲೇ ಕೇಳಬೇಕು. ಕೊನೆಯ ಕಾರು ಗೇಟು ದಾಟಿದ ಮೇಲೆ ಕೇಳಿದರೆ ಏನೂ ಸಿಗುವುದಿಲ್ಲ.

ಬಿಡದಿಯಲ್ಲಿ ಅಷ್ಟೊಂದು ಸ್ಟ್ರೈಕು, ಲಾಕೌಟು ಆಯ್ತು. ಟೊಯೋಟಾ ಯಾಕೆ ಹೋಗ್ಲಿಲ್ಲ?

ಈ ಪ್ರಶ್ನೆ ಕೇಳಿದ ಹುಡುಗಿಗೆ ನಾನು ಮೊದಲು ಶಹಭಾಸ್ ಅಂದೆ. 2006ರಲ್ಲಿ ಮುಷ್ಕರ ಮತ್ತು ಲಾಕೌಟ್ (ಆಡಳಿತವೇ ಗೇಟು ಮುಚ್ಚುವುದು), 2014ರ ಮಾರ್ಚ್‌ನಲ್ಲಿ ಸಂಬಳದ ಮಾತು ಮುರಿದು ಲಾಕೌಟ್, 2020ರ ನವೆಂಬರ್‌ನಲ್ಲಿ ಒಬ್ಬ ಕೆಲಸಗಾರನ ಅಮಾನತಿನಿಂದ ಶುರುವಾಗಿ ತಿಂಗಳುಗಟ್ಟಲೆ ಎಳೆದ ಹೋರಾಟ. ಕೆಲಸದ ಒತ್ತಡ ಮಿತಿ ಮೀರಿದೆ ಎನ್ನುವುದು ಕೆಲಸಗಾರರ ದೂರು. ಶಿಸ್ತು ಕೆಟ್ಟಿದೆ ಎನ್ನುವುದು ಆಡಳಿತದ ದೂರು.

ಅದೇ ಕಂಪನಿ 2023ರ ನವೆಂಬರ್‌ನಲ್ಲಿ ಬಿಡದಿಯಲ್ಲೇ ಮೂರನೇ ಘಟಕಕ್ಕೆ 3,300 ಕೋಟಿ ರೂಪಾಯಿ ಹಾಕುವುದಾಗಿ ಹೇಳಿತು. ಯಾಕೆ? ಇನ್ನೋವಾ ಮಾರಾಟವಾಗುತ್ತಿದೆ. ಸುತ್ತ ಬಿಡಿಭಾಗದವರು ಬೇರು ಬಿಟ್ಟಿದ್ದಾರೆ. ಕಲಿತ ಕೈಗಳಿವೆ. ಗಲಾಟೆ ಇಲ್ಲದ ಕಡೆಯಿಂದ ಫೋರ್ಡ್ ಹೋಯಿತು, ಗಲಾಟೆ ಇದ್ದ ಕಡೆ ಟೊಯೋಟಾ ಬೆಳೆಯಿತು. 'ಬಾಯಿ ಮುಚ್ಕೊಂಡಿದ್ರೆ ಕಾರ್ಖಾನೆ ಉಳಿಯುತ್ತೆ' ಎನ್ನುವ ಮಾತು ಈ ಎರಡು ಊರುಗಳ ಮುಂದೆ ನಿಲ್ಲುವುದಿಲ್ಲ.

ನಾನು ಕಾಂಟ್ರಾಕ್ಟ್ ಮೇಲಿದೀನಿ ಅಣ್ಣ. ಯೂನಿಯನ್ನವರು ನನ್ನ ಸೇರಿಸ್ಕೊಳ್ಳೋದೇ ಇಲ್ಲ. ನನಗೇನು ಇದರಿಂದ?

ತಮ್ಮಾ, ಈ ಪ್ರಶ್ನೆಗೆ ಉತ್ತರ ಕೊಡುವಾಗ ನನಗೆ ನಾಚಿಕೆ ಆಗುತ್ತದೆ. ನಮ್ಮ ಕಾರ್ಖಾನೆಯಲ್ಲಿ ಕಾಯಂ ಇದ್ದವರು 140. ಕಾಂಟ್ರಾಕ್ಟ್, ಟ್ರೈನಿ, ಅಪ್ರೆಂಟಿಸ್ ಸೇರಿ 300ಕ್ಕೂ ಜಾಸ್ತಿ. ಅವರನ್ನು ಸೇರಿಸಿಕೊಳ್ಳೋಣ ಎಂದು ಕಮಿಟಿಯಲ್ಲಿ ಮಾತು ಬಂತು. ನಮ್ಮ ಬೋನಸ್‌ಗೆ ಪೆಟ್ಟು ಬೀಳುತ್ತದೆ ಎಂದು ಕೆಲವರು ಹೇಳಿದರು. ನಾನು ವಿರೋಧಿಸಲಿಲ್ಲ, ಸುಮ್ನೆ ಕೂತಿದ್ದೆ. ಆರ್ಡರ್ ಥಾಯ್ಲೆಂಡ್‌ಗೆ ಹೋಗುವ ಸುದ್ದಿ ಬಂದಾಗ ನಾವು 140 ಜನ ಗೇಟಿನಲ್ಲಿ ಕೂತೆವು. ಒಳಗೆ ಲೈನ್ ಓಡುತ್ತಲೇ ಇತ್ತು. ಓಡಿಸಿದವರು ಯಾರು ಅಂತ ಬೇರೆ ಹೇಳಬೇಕಾ? ಅವರ ಮೇಲೆ ನನಗೆ ಸಿಟ್ಟಿಲ್ಲ. ನಾವು ಅವರನ್ನು ಒಂದು ದಿನವೂ ನಮ್ಮವರು ಅಂದಿರಲಿಲ್ಲ.

ನಿನಗೆ ಕಾನೂನಿನಲ್ಲಿ ಜಾಗ ಇದೆ. ಏಳು ಜನ ಸೇರಿ ಅರ್ಜಿ ಹಾಕಬಹುದು. ನೋಂದಣಿಗೆ ಅಲ್ಲಿನ ಕೆಲಸಗಾರರಲ್ಲಿ ಶೇ. 10 ಅಥವಾ 100 ಜನ, ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಸದಸ್ಯರು ಬೇಕು. ಪಿಎಫ್, ಇಎಸ್‌ಐ ಕಟ್ಟುತ್ತಿದ್ದಾರಾ ಎಂದು ತಿಂಗಳಿಗೊಮ್ಮೆ ನೋಡಿಕೋ. ಹಾಜರಿ ಮತ್ತು ಸಂಬಳದ ಚೀಟಿಗಳ ಫೋಟೋ ಇಟ್ಟುಕೋ. ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೆ (ಕಾರ್ಮಿಕ ಇಲಾಖೆಯ ಕಚೇರಿ) ಹೋಗುವಾಗ ಬರಿಗೈಯಲ್ಲಿ ಹೋಗಬೇಡ.

ಹೊಸ ಕಾನೂನು ಬಂದಮೇಲೆ ಕಾರ್ಖಾನೆ ಮುಚ್ಚೋಕೆ ಸರ್ಕಾರದ ಅನುಮತಿ ಬೇಕಾ, ಬೇಡ್ವಾ?

ಹಳೇ ಕೈಗಾರಿಕಾ ವಿವಾದ ಕಾಯ್ದೆಯಲ್ಲಿ 100 ಕೆಲಸಗಾರರಿದ್ದರೆ ಅನುಮತಿ ಬೇಕಿತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ ಆ ಸಂಖ್ಯೆ 300. ಪೀಣ್ಯ, ಬೊಮ್ಮಸಂದ್ರ, ಜಿಗಣಿಯ ಬಹಳಷ್ಟು ಘಟಕಗಳಲ್ಲಿ ಅಷ್ಟು ಜನ ಇರುವುದಿಲ್ಲ. ಅಂಥ ಕಡೆ ನೋಟಿಸು, ಪರಿಹಾರ ಕೊಟ್ಟರೆ ಸಾಕು. ಅನುಮತಿ ಬೇಕಾದ ಕಡೆಯೂ 60 ದಿನದಲ್ಲಿ ಸರ್ಕಾರ ಉತ್ತರಿಸದಿದ್ದರೆ ಅನುಮತಿ ಕೊಟ್ಟಂತೆಯೇ ಲೆಕ್ಕ. ಆ 60 ದಿನದಲ್ಲಿ ಕೆಲಸಗಾರರು ತಮ್ಮ ಮಾತನ್ನು ಬರೆದು ಕೊಡಬೇಕು.

ಮುಷ್ಕರಕ್ಕೆ ಈಗ ಎಲ್ಲ ಕಡೆಯೂ 14 ದಿನ ಮೊದಲು ನೋಟಿಸು ಕೊಡಬೇಕು. ಒಂದಕ್ಕಿಂತ ಹೆಚ್ಚು ಯೂನಿಯನ್ ಇದ್ದರೆ ಶೇ. 51 ಕೆಲಸಗಾರರು ಇರುವ ಯೂನಿಯನ್ನೇ ಮಾತುಕತೆಗೆ ಕೂರುತ್ತದೆ. ತೆಗೆದುಹಾಕಿದವರಿಗೆ ಹೊಸ ಕೆಲಸ ಕಲಿಯಲು ಎಂದು ಮಾಲೀಕರು 15 ದಿನದ ಸಂಬಳ ಒಂದು ನಿಧಿಗೆ ಕಟ್ಟಬೇಕೆಂದೂ ಇದೆ. ಇದನ್ನು ಕೇಳಿ ಪಡೆಯಿರಿ, ಬಿಡಬೇಡಿ.

ಮುಚ್ತಾರೆ ಅನ್ನೋದು ಮೊದಲೇ ಹೇಗೆ ಗೊತ್ತಾಗುತ್ತೆ?

ಡೈಗಳನ್ನು, ಅಂದರೆ ತಗಡಿಗೆ ಆಕಾರ ಕೊಡುವ ಅಚ್ಚುಗಳನ್ನು, ನೋಡಿ. ಪ್ರೆಸ್ ಶಾಪಿನವನಾಗಿ ನನ್ನ ಮೊದಲ ಉತ್ತರ ಇದು. ಬಹಳ ಸಲ ಡೈ, ಮೋಲ್ಡು ನಿಮ್ಮ ಕಾರ್ಖಾನೆಯದಲ್ಲ, ಕಾರು ಕಂಪನಿಯದು. 'ರಿಪೇರಿಗೆ' ಎಂದು ಲಾರಿ ಹತ್ತಿದ ಡೈ ವಾಪಸ್ ಬರದಿದ್ದರೆ ಆ ಭಾಗ ಬೇರೆ ಕಡೆ ಶುರುವಾಗಿದೆ ಎಂದು ತಿಳಿಯಿರಿ. ನಮ್ಮಲ್ಲಿ ಹೋದದ್ದು ದೀಪಾವಳಿ ರಜೆಯಲ್ಲಿ. ಸೆಕ್ಯುರಿಟಿಯವರು ಹೇಳಿದ ಮೇಲೆ ನಮಗೆ ತಿಳಿಯಿತು.

ಇನ್ನೂ ಕೆಲವಿವೆ. ಹಾಳಾದ ಯಂತ್ರವನ್ನು ಬದಲಿಸದೆ ತೇಪೆ ಹಾಕುತ್ತಾ ಹೋಗುವುದು. ಇಲ್ಲಿನ ಹಿರಿಯ ಆಪರೇಟರ್‌ಗಳನ್ನು ಹೊರದೇಶಕ್ಕೆ ಕಳಿಸಿ ಅಲ್ಲಿನವರಿಗೆ ಕೆಲಸ ಕಲಿಸಿ ಬನ್ನಿ ಎನ್ನುವುದು. ಹೊಸ ಮಾಡೆಲ್ ಟ್ರಯಲ್‌ಗೆ ನಿಮ್ಮನ್ನು ಕರೆಯದಿರುವುದು. ವಿಆರ್‌ಎಸ್ (ಸ್ವಯಂ ನಿವೃತ್ತಿ) ಸ್ಕೀಮು ವರ್ಷಕ್ಕೆರಡು ಸಲ ಬರುವುದು. ಒಂದೊಂದಕ್ಕೂ ಬೇರೆ ಕಾರಣ ಇರಬಹುದು. ಮೂರು ಒಟ್ಟಿಗೆ ಕಂಡರೆ ಕಮಿಟಿ ಕರೆಸಿ, ಮುಂದಿನ ಮಾಡೆಲ್ ಎಲ್ಲಿ ತಯಾರಾಗುತ್ತದೆ ಎಂದು ಲಿಖಿತದಲ್ಲಿ ಕೇಳಿ.

ಎಲೆಕ್ಟ್ರಿಕ್ ಕಾರು ಬಂದ್ರೆ ಇದೆಲ್ಲ ಬದಲಾಗುತ್ತಾ?

ಬೆಂಗಳೂರಿಗೆ ಇದು ಸಣ್ಣ ವಿಷಯವಲ್ಲ. 1951ರಲ್ಲಿ ಹುಟ್ಟಿದ ಮೈಕೋ ಆಡುಗೋಡಿಯಲ್ಲಿ ಬೆಳೆದದ್ದೇ ಸ್ಪಾರ್ಕ್ ಪ್ಲಗ್ಗು ಮತ್ತು ಡೀಸೆಲ್ ಪಂಪಿನ ಮೇಲೆ. ಎಲೆಕ್ಟ್ರಿಕ್ ಕಾರಿನಲ್ಲಿ ಎರಡೂ ಇಲ್ಲ. ಹಾಗೇ ನಮ್ಮದೇ ರೇವಾ ಎಂಬ ಎಲೆಕ್ಟ್ರಿಕ್ ಕಾರು 2001ರಲ್ಲಿ ಇಲ್ಲಿ ಹುಟ್ಟಿತ್ತು, ಕೌಶಲ ನಮಗೆ ಹೊಸದಲ್ಲ. ಬ್ಯಾಟರಿ ಸೆಲ್ ಯಾವ ದೇಶದಲ್ಲಿ ತಯಾರಾಗುತ್ತದೋ ಕೆಲಸದ ದೊಡ್ಡ ಪಾಲು ಅಲ್ಲಿಗೆ ಹೋಗುತ್ತದೆ.

## ಇನ್ನೂ ಆಳಕ್ಕೆ ಹೋಗುವವರಿಗೆ

ಜರ್ಮನಿಯಲ್ಲಿ ಸಂಬಳನೂ ಜಾಸ್ತಿ, ಯೂನಿಯನ್ನೂ ಗಟ್ಟಿ. ಅಲ್ಲಿ ಕಾರ್ಖಾನೆ ಹೇಗೆ ಉಳಿದಿದೆ?

ಅಲ್ಲಿ ಯೂನಿಯನ್ ಗೇಟಿನಲ್ಲಷ್ಟೇ ಇಲ್ಲ, ಮೇಲಿನ ಮೇಜಿನಲ್ಲೂ ಇದೆ. 1976ರ ಕಾನೂನಿನ ಪ್ರಕಾರ 2,000ಕ್ಕೂ ಹೆಚ್ಚು ಜನ ಕೆಲಸ ಮಾಡುವ ಕಂಪನಿಗಳ ಮೇಲ್ವಿಚಾರಣಾ ಮಂಡಳಿಯಲ್ಲಿ ಅರ್ಧ ಕುರ್ಚಿ ಕೆಲಸಗಾರರ ಪ್ರತಿನಿಧಿಗಳದು. ಫೋಕ್ಸ್‌ವ್ಯಾಗನ್‌ನಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ. ಹೊಸ ಕಾರ್ಖಾನೆ ಕಟ್ಟಲು ಅಥವಾ ಇದ್ದದ್ದನ್ನು ಬೇರೆಡೆ ಸಾಗಿಸಲು ಆ ಮಂಡಳಿಯ ಮೂರರಲ್ಲಿ ಎರಡು ಪಾಲು ಮತ ಬೇಕು. ಮುಂದಿನ ಮಾಡೆಲ್ ಎಲ್ಲಿಗೆ ಎನ್ನುವ ಮಾತು ಅಲ್ಲಿ ಕೆಲಸಗಾರರ ಕಿವಿಗೆ ಮೊದಲೇ ಬೀಳುತ್ತದೆ. ನಮಗೆ ಬೀಳುವುದು ಲಾರಿ ಹೊರಟ ಮೇಲೆ.

ಹಾಗಂತ ಅಲ್ಲಿ ನೋವಿಲ್ಲ ಎಂದಲ್ಲ. 2024ರ ಡಿಸೆಂಬರ್‌ನಲ್ಲಿ ಫೋಕ್ಸ್‌ವ್ಯಾಗನ್ ಮತ್ತು ಐಜಿ ಮೆಟಲ್ ಯೂನಿಯನ್ ಒಪ್ಪಂದ ಮಾಡಿಕೊಂಡವು. ತಕ್ಷಣಕ್ಕೆ ಕಾರ್ಖಾನೆ ಮುಚ್ಚುವುದಿಲ್ಲ, ಬಲವಂತವಾಗಿ ಯಾರನ್ನೂ ತೆಗೆಯುವುದಿಲ್ಲ, ಆದರೆ 2030ರೊಳಗೆ 35,000ಕ್ಕೂ ಹೆಚ್ಚು ಹುದ್ದೆ ಕಡಿಮೆ ಮಾಡುತ್ತಾರೆ.

ನಾನು ವೈಟ್‌ಫೀಲ್ಡಲ್ಲಿ ಕಾರಿನ ಸಾಫ್ಟ್‌ವೇರ್ ಬರೀತೀನಿ. ನಾನು ಕಾರ್ಮಿಕನಲ್ವಲ್ಲ?

ಮರ್ಸಿಡಿಸ್ 1996ರಲ್ಲೇ ಬೆಂಗಳೂರಿನಲ್ಲಿ ಸಂಶೋಧನಾ ಕೇಂದ್ರ ತೆರೆಯಿತು. ಜನರಲ್ ಮೋಟಾರ್ಸ್ 2003ರಲ್ಲಿ. ಕಾರಿನ ಲೋಹದ ಕೆಲಸ ಮೆಕ್ಸಿಕೋಗೆ ಹೋದ ಹಾಗೇ ಅದರ ಡ್ರಾಯಿಂಗು ಮತ್ತು ಕೋಡು ನಮ್ಮಲ್ಲಿಗೆ ಬಂತು. ನಿಮ್ಮ ಸಂಬಳ ಏರಿದಂತೆ ಇದೇ ಕೆಲಸಕ್ಕೆ ಬೇರೆ ಊರು ಹುಡುಕುವುದಿಲ್ಲ ಅಂತ ಯಾರೂ ಬರೆದುಕೊಟ್ಟಿಲ್ಲ. ಒಂದು ಮೀಟಿಂಗ್ ಕರೆದು ಲ್ಯಾಪ್‌ಟಾಪ್ ಕೊಟ್ಟು ಹೋಗಿ ಅಂದಾಗ ಪಕ್ಕದಲ್ಲಿ ನಿಲ್ಲಲು ಯಾರಾದರೂ ಬೇಕು. ಕರ್ನಾಟಕದ ಐಟಿ ನೌಕರರ ಯೂನಿಯನ್ 2017ರಿಂದ ಇದೆ. 2024ರಲ್ಲಿ ಕೆಲಸದ ದಿನವನ್ನು 14 ಗಂಟೆಗೆ ಹಿಗ್ಗಿಸುವ ಪ್ರಸ್ತಾಪ ಬಂದಾಗ ದನಿ ಎತ್ತಿದ್ದು ಅವರೇ.

ಏನೇ ಹೇಳಿ, ಆ ದೇಶದವರು ನಮ್ಮ ಅನ್ನ ಕಿತ್ಕೊಂಡ್ರು ಅಂತ ಅನ್ಸಲ್ವಾ?

ಅನ್ನಿಸುತ್ತದೆ. ಥಾಯ್ಲೆಂಡ್ ಹೆಸರು ಕೇಳಿದರೆ ನನಗೂ ಒಂದು ವರ್ಷ ಹೊಟ್ಟೆ ಉರಿಯುತ್ತಿತ್ತು. ಆ ಉರಿ ಎಲ್ಲಿಗೆ ಮುಟ್ಟಬಹುದು ಎಂದು 1982ರ ಡೆಟ್ರಾಯ್ಟ್‌ನಲ್ಲಿ ಕಾಣಬಹುದು. ವಿನ್ಸೆಂಟ್ ಚಿನ್ ಎಂಬ 27 ವರ್ಷದ ಚೀನೀ ಮೂಲದ ಹುಡುಗನನ್ನು, ಜಪಾನಿನ ಕಾರುಗಳ ಮೇಲಿನ ಸಿಟ್ಟಿನಲ್ಲಿ, ಇಬ್ಬರು ಬೇಸ್‌ಬಾಲ್ ಬ್ಯಾಟಿನಿಂದ ಹೊಡೆದು ಕೊಂದರು. ಒಬ್ಬ ಕಾರು ಕಾರ್ಖಾನೆಯ ಫೋರ್‌ಮನ್, ಇನ್ನೊಬ್ಬ ಕೆಲಸ ಕಳೆದುಕೊಂಡಿದ್ದ ಕಾರು ಕೆಲಸಗಾರ. ಸತ್ತವನು ಜಪಾನಿನವನೂ ಅಲ್ಲ. ಅವನ ಮದುವೆಗೆ ಕೆಲವೇ ದಿನ ಉಳಿದಿತ್ತು.

ಇನ್ನೊಂದು ದಾರಿಯೂ ಇದೆ. 2019ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್‌ನ ಸುಮಾರು 48,000 ಜನ 40 ದಿನ ಮುಷ್ಕರ ಮಾಡಿದರು. ಆಗ ಮೆಕ್ಸಿಕೋದ ಸಿಲಾವ್ ಎಂಬ ಊರಿನ ಅದೇ ಕಂಪನಿಯ ಕಾರ್ಖಾನೆಯಲ್ಲಿ ಒಂದು ಸಣ್ಣ ಗುಂಪು, ನಾವು ಹೆಚ್ಚು ಕೆಲಸ ಮಾಡಿ ಆ ಮುಷ್ಕರ ಮುರಿಯುವುದಿಲ್ಲ ಎಂದಿತು. ಕೆಲವರ ಕೆಲಸ ಹೋಯಿತು. ಅವರಿಗೆ ಇದ್ದದ್ದು ಕಂಪನಿಗೆ ಒಗ್ಗಿಹೋಗಿದ್ದ ಹಳೇ ಯೂನಿಯನ್, ಸಹಾಯಕ್ಕೆ ಬರಲಿಲ್ಲ.

2020ರ ಜುಲೈನಲ್ಲಿ ನಾಫ್ಟಾ ಜಾಗಕ್ಕೆ ಹೊಸ ಒಪ್ಪಂದ ಬಂತು. ಕಾರಿನ ಮೌಲ್ಯದಲ್ಲಿ ಶೇ. 40ರಿಂದ 45ರಷ್ಟು, ಗಂಟೆಗೆ ಕನಿಷ್ಠ 16 ಡಾಲರ್ ಪಡೆಯುವವರ ಕೈಯಿಂದ ಬರಬೇಕು ಎಂಬ ಷರತ್ತು ಅದರಲ್ಲಿ ಬಂತು. ಯೂನಿಯನ್ ಕಟ್ಟುವ ಹಕ್ಕು ತುಳಿದರೆ ಆ ಒಂದು ಕಾರ್ಖಾನೆಯ ಮೇಲೇ ದೂರು ಕೊಡುವ ದಾರಿಯೂ ಬಂತು. ಅಮೆರಿಕ ಸರ್ಕಾರ ಕೊಟ್ಟ ಮೊದಲ ದೂರು ಸಿಲಾವ್ ಮೇಲೆ. 2021ರಲ್ಲಿ ಹಳೇ ಯೂನಿಯನ್‌ನ ಒಪ್ಪಂದ ಬೇಕೋ ಬೇಡವೋ ಎಂಬ ಮತದಾನದಲ್ಲಿ ಮತಪತ್ರಗಳನ್ನು ಹಾಳುಮಾಡಿದ್ದು ಹೊರಬಂದು ಮತ್ತೆ ಮತದಾನ ಆಯಿತು. 2022ರ ಫೆಬ್ರುವರಿಯಲ್ಲಿ ಸಿಂಟಿಯಾ ಎಂಬ ಹೊಸ ಸ್ವತಂತ್ರ ಯೂನಿಯನ್ ಮುಕ್ಕಾಲು ಪಾಲಿಗೂ ಜಾಸ್ತಿ ಮತ ಪಡೆದು ಗೆದ್ದಿತು. ಅಮೆರಿಕ, ಕೆನಡಾದ ಯೂನಿಯನ್‌ಗಳು ಅವರ ಬೆಂಬಲಕ್ಕೆ ನಿಂತಿದ್ದವು. ಮೇ ತಿಂಗಳಲ್ಲಿ 8.5 ಪರ್ಸೆಂಟ್ ಏರಿಕೆಗೆ ಸಹಿ ಬಿತ್ತು.

ಸಿಲಾವ್‌ನಲ್ಲಿ ಕೂಲಿ ಏರಿದಷ್ಟೂ, ಅಮೆರಿಕದ ಕೆಲಸಗಾರನಿಗೆ 'ಮೆಕ್ಸಿಕೋಗೆ ಹೋಗಿಬಿಡ್ತೀವಿ' ಎಂದು ಹೆದರಿಸುವ ಮಾತಿನ ಬಲ ಅಷ್ಟಷ್ಟು ಕಡಿಮೆ ಆಗುತ್ತದೆ. ನಮ್ಮ ಬ್ರ್ಯಾಕೆಟ್ ಈಗ ಮಾಡುತ್ತಿರುವ ಥಾಯ್ಲೆಂಡ್‌ನ ಕಾರ್ಖಾನೆಯಲ್ಲಿ ಯೂನಿಯನ್ ಇದೆಯಾ ಎಂದು ವಿಚಾರಿಸಲು ನಾನು ಹೋದ ತಿಂಗಳು ಅಲ್ಲಿನ ಲೋಹ ಕಾರ್ಮಿಕರ ಸಂಘಕ್ಕೆ ಒಂದು ಪತ್ರ ಬರೆದಿದ್ದೇನೆ. ಇಂಗ್ಲಿಷಿಗೆ ತರ್ಜುಮೆ ಮಾಡಿಕೊಟ್ಟದ್ದು ಭಾನುವಾರದ ಕ್ಲಾಸಿನ ಹುಡುಗಿ.